ಯಾವುದೂ ಸರಿಯಿಲ್ಲ, ‘ಸರಿ’ ಒತ್ತಿ

ಶೇ 97ರ ತನಕ ಹಸಿರು ಪಟ್ಟಿ ಸರಾಗವಾಗಿ ಓಡಿತು. ಆಮೇಲೆ ನಿಂತಿತು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ, ಇನ್ನೂ 97. ದಿಟ್ಟಿಸಿ ನೋಡಿದ್ದಕ್ಕೆ ನಾಚಿಕೊಂಡಿರಬಹುದೆಂದು ಕುರ್ಚಿಯನ್ನು ಪಕ್ಕಕ್ಕೆ ತಿರುಗಿಸಿಕೊಂಡೂ ಕೂತೆ. ಕೊನೆಗೆ ಪಟ್ಟಿ ಅಲುಗಾಡಿತು, ಆದರೆ ಹಿಂದಕ್ಕೆ. ಮುಂದೆ ಹೋಗಲು ಇಪ್ಪತ್ತು ನಿಮಿಷ ತೆಗೆದುಕೊಂಡದ್ದು ಹತ್ತೇ ಸೆಕೆಂಡಿನಲ್ಲಿ ಹೊರಟ ಜಾಗಕ್ಕೆ ಬಂದು ಸೇರಿತು. ಬಳಿಕ ಪರದೆಯ ನಡುವೆ ಒಂದು ಪುಟ್ಟ ಚೌಕ: ‘ದೋಷ ಸಂಭವಿಸಿದೆ. ಇನ್‌ಸ್ಟಾಲ್ ಪೂರ್ಣಗೊಂಡಿಲ್ಲ.’ ಅದರ ಕೆಳಗೆ ಒಂದೇ ಒಂದು ಗುಂಡಿ. ‘ಸರಿ’.

ಏನು ಸರಿ? ಯಾವುದು ಸರಿ? ‘ಇದು ಸರಿಯಲ್ಲ’ ಎಂಬ ಇನ್ನೊಂದು ಗುಂಡಿಯನ್ನು ಪಕ್ಕದಲ್ಲಿ ಇಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು? ಅದನ್ನು ಒತ್ತಿದರೆ ಏನೂ ಆಗದಿದ್ದರೂ ಪರವಾಗಿರಲಿಲ್ಲ, ಒತ್ತಿದ ಸಮಾಧಾನವಾದರೂ ಇರುತ್ತಿತ್ತು. ಈಗ ನೋಡಿ, ಸೋತವನ ಕೈಯಿಂದಲೇ ಸೋಲಿಗೆ ರುಜು ಹಾಕಿಸಿಕೊಳ್ಳದೆ ಆ ಚೌಕ ಜಾಗ ಬಿಡುವುದಿಲ್ಲ.

ಈ ಚೌಕಗಳ ವ್ಯಾಕರಣವನ್ನು ನಾನು ಬಹಳ ಕಾಲದಿಂದ ಅಭ್ಯಾಸ ಮಾಡುತ್ತಿದ್ದೇನೆ. ಕೆಲಸ ನಡೆಯುತ್ತಿರುವಷ್ಟು ಹೊತ್ತು ಕರ್ತೃ ‘ನಾವು’. ‘ನಿಮಗಾಗಿ ಎಲ್ಲವನ್ನೂ ಸಿದ್ಧಪಡಿಸುತ್ತಿದ್ದೇವೆ’ ಎಂಬ ಆತ್ಮೀಯತೆ. ಕೆಟ್ಟ ಕೂಡಲೇ ಆ ‘ನಾವು’ ಹಿತ್ತಲ ಬಾಗಿಲಿನಿಂದ ಪರಾರಿ. ಯಾರೂ ದೋಷ ಮಾಡಿಲ್ಲ, ಅದು ‘ಸಂಭವಿಸಿದೆ’. ಗ್ರಹಣ ಹಿಡಿದ ಹಾಗೆ, ಸಿಡಿಲು ಬಡಿದ ಹಾಗೆ. ಮೂರನೆಯ ವಾಕ್ಯಕ್ಕೆ ಕರ್ತೃ ಮತ್ತೆ ಹಾಜರಾಗುತ್ತಾನೆ, ಆದರೆ ಅಷ್ಟರಲ್ಲಿ ಅವನು ‘ನೀವು’ ಆಗಿರುತ್ತಾನೆ. ನೀವು ಪರಿಶೀಲಿಸಿ, ನೀವು ಮತ್ತೆ ಪ್ರಯತ್ನಿಸಿ, ನೀವು ಸಂಪರ್ಕಿಸಿ. ಇಷ್ಟು ನಾಜೂಕಾಗಿ ಹೊಣೆ ಜಾರಿಸುವುದನ್ನು ಮಂತ್ರಿಗಳೂ ಇನ್ನೂ ಕಲಿತಿಲ್ಲ.

2015ರಲ್ಲಿ ವಿಂಡೋಸ್ 10 ಬಂದಾಗಿನ ಚೌಕ ನಿಮಗೂ ನೆನಪಿರಬಹುದು. ತಲೆಬರಹ ‘ಏನೋ ಆಯಿತು’. ಏನಾಯಿತೆಂದು ಕೆಳಗೆ ನೋಡಿದರೆ ಅಲ್ಲಿಯೂ ‘ಏನೋ ಆಯಿತು’. ಜಗತ್ತೆಲ್ಲ ನಕ್ಕಿತು. ನನಗೆ ಮಾತ್ರ ಅದರ ಮೇಲೆ ಇವತ್ತಿಗೂ ಗೌರವ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ, ಎರಡೆರಡು ಸಲ ಹೇಳಿತಲ್ಲ. ಉಳಿದವು ಸಂಖ್ಯೆ ಕೊಡುತ್ತವೆ.

ಸಂಖ್ಯೆಗಳ ಮಾತು ಬಂದರೆ 2024ರ ಜನವರಿಯ ಕತೆಯನ್ನು ಬಿಡುವ ಹಾಗಿಲ್ಲ. ವಿಂಡೋಸ್‌ನ ಭದ್ರತೆಯ ಅಪ್‌ಡೇಟ್ ಒಂದು ಅಸಂಖ್ಯ ಕಂಪ್ಯೂಟರುಗಳಲ್ಲಿ ‘ಸೊನ್ನೆ ಎಕ್ಸ್ 80070643’ ಎಂದು ಹೇಳಿ ಮಲಗಿತು. ಈ ಸಂಖ್ಯೆಯನ್ನು ಬಿಡಿಸುವುದು ಒಳ್ಳೆಯ ಕಾಲಕ್ಷೇಪ. ಮೊದಲ 8 ಎಂದರೆ ಕೆಟ್ಟಿದೆ ಎಂಬ ಗುರುತು. ಅದರ ಮುಂದಿನ 7, ವ್ಯವಸ್ಥೆಯ ಯಾವ ಇಲಾಖೆಯಿಂದ ಸುದ್ದಿ ಬಂತು ಎಂಬುದಕ್ಕೆ. ಕೊನೆಯ 643 ಹದಿನಾರರ ಲೆಕ್ಕದಲ್ಲಿ ಬರೆದದ್ದು, ನಮ್ಮ ಹತ್ತರ ಲೆಕ್ಕಕ್ಕೆ ತಂದರೆ 1603. ದೋಷಸಂಖ್ಯೆಗಳ ಪಟ್ಟಿ ತೆರೆದು 1603ರ ಎದುರು ಏನಿದೆಯೆಂದು ನೋಡಿದರೆ ‘ಇನ್‌ಸ್ಟಾಲ್ ವೇಳೆ ಮಾರಕ ದೋಷ’. ಅಂದರೆ ಇನ್‌ಸ್ಟಾಲ್ ಯಾಕೆ ಆಗಲಿಲ್ಲ ಎಂದರೆ, ಇನ್‌ಸ್ಟಾಲ್ ಆಗಲಿಲ್ಲ. ಅದನ್ನು ತಿಳಿಯಲು ಗಣಿತ ಮಾಡಬೇಕು.

ನಿಜವಾದ ಕಾರಣ ಬೇರೆಯೇ ಇತ್ತು. ಕಂಪ್ಯೂಟರ್ ಕೆಟ್ಟಾಗ ರಿಪೇರಿಗೆಂದು ಡಿಸ್ಕಿನ ಮೂಲೆಯಲ್ಲಿ ಎತ್ತಿಟ್ಟ ರಿಕವರಿ ವಿಭಾಗದಲ್ಲಿ ಜಾಗ ಸಾಲದು, ಅಷ್ಟೇ. 250 ಎಂಬಿ ಖಾಲಿ ಜಾಗ ಬೇಕಿತ್ತು. ‘ಜಾಗ ಸಾಲದು’ ಎಂದು ಬರಬೇಕಾದ ಸಂದೇಶದ ಬದಲು ಈ ಸಂಖ್ಯೆ ಬರುತ್ತಿದೆಯೆಂದು ಮೈಕ್ರೋಸಾಫ್ಟ್ ತಾನೇ ಒಪ್ಪಿಕೊಂಡಿತು. ದೋಷ ತಿಳಿಸುವ ಭಾಗದಲ್ಲೇ ದೋಷ! ಪರಿಹಾರವೇನು? ಕಪ್ಪು ಕಿಟಕಿ ತೆರೆದು, ಆಜ್ಞೆಗಳನ್ನು ಒಂದೊಂದಾಗಿ ಟೈಪಿಸಿ, ನಿಮ್ಮ ಮುಖ್ಯ ವಿಭಾಗವನ್ನು ಕುಗ್ಗಿಸಿ, ಹಳೆಯ ರಿಕವರಿ ವಿಭಾಗವನ್ನು ಅಳಿಸಿ, ಹೊಸದನ್ನು ಕಟ್ಟಿ. ವಿಭಾಗದ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೆ ಹತ್ತು ವರ್ಷದ ಫೋಟೊಗಳಿಗೆ ಎಳ್ಳುನೀರು. ಇದಕ್ಕೆ ತನ್ನಿಂತಾನೇ ಆಗುವ ಪರಿಹಾರ ಬರುವುದಿಲ್ಲ, ಕೈಯಾರೆ ಮಾಡಿಕೊಳ್ಳಬೇಕು ಎಂದೂ ಮುಂದೆ ಪ್ರಕಟಿಸಿದರು. ಭಲೇ. ಸೋರುವ ಮಾಳಿಗೆಯ ಬಾಡಿಗೆದಾರನಿಗೆ ಗಾರೆ ಕೆಲಸ ಕಲಿಸಿ ಹೊರಟ ಮನೆ ಮಾಲೀಕ.

ನನ್ನ ಚೌಕಕ್ಕೆ ಮರಳುತ್ತೇನೆ. ಎರಡನೆಯ ಪ್ರಯತ್ನದಲ್ಲಿ ಅದು ‘ನಿಮ್ಮ ಆಡಳಿತಾಧಿಕಾರಿಯನ್ನು ಸಂಪರ್ಕಿಸಿ’ ಎಂದಿತು. ಈ ಕಂಪ್ಯೂಟರಿನಲ್ಲಿ ನಾನೇ ಆಡಳಿತಾಧಿಕಾರಿ, ನಾನೇ ಜವಾನ, ನಾನೇ ಪ್ರಜೆ. ಆದರೂ ನಿಯಮ ನಿಯಮವೇ. ಆಡಳಿತಾಧಿಕಾರಿಯಾಗಿ ಒಳಗೆ ಬಂದವನೂ ‘ಆಡಳಿತಾಧಿಕಾರಿಯಾಗಿ ನಡೆಸು’ ಎಂದು ಬೇರೆಯಾಗಿ ಹೇಳಬೇಕು. ಹೇಳಿದೆ. ‘ನೀವು ನಿಜವಾಗಿಯೂ ಅನುಮತಿ ಕೊಡುತ್ತೀರಾ?’ ಎಂದು ಕೇಳಿತು. ಕೊಟ್ಟೆ. ‘ಅನುಮತಿಯಿಲ್ಲ’ ಎಂದಿತು.

ಆಮೇಲಿನದು ಮಾಮೂಲಿ ಕಷಾಯ. ಕಂಪ್ಯೂಟರ್ ಮುಚ್ಚಿ ತೆರೆದೆ. ಆಂಟಿವೈರಸ್ ನಿಲ್ಲಿಸಿದೆ. ಹಳೆಯ ಆವೃತ್ತಿ ಅಡ್ಡಬಂದಿರಬಹುದು, ಅದನ್ನು ಮೊದಲು ತೆಗೆದುಹಾಕಿ ಎಂಬ ಸಲಹೆ ಬಂತು. ತೆಗೆಯಲು ಹೋದರೆ ‘ಇದು ಇನ್‌ಸ್ಟಾಲ್ ಆಗಿರುವ ತಂತ್ರಾಂಶಗಳಿಗೆ ಮಾತ್ರ ಸಾಧ್ಯ’. ಇಲ್ಲವೆಂದಾದರೆ ಹೊಸದನ್ನು ಹಾಕೋಣವೆಂದರೆ ‘ಹಳೆಯದು ಇದೆ’. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು. ಇಲ್ಲಿ ಹುಚ್ಚು ಹಿಡಿದದ್ದು ಮಾತ್ರ ಮೂರನೆಯವನಿಗೆ.

ಸಹಾಯ ಕೇಂದ್ರದ ಚಾಟ್ ಯಂತ್ರ ನನ್ನ ಕಷ್ಟಕ್ಕೆ ಮರುಗಿತು. ‘ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ’ ಎಂದಿತು. ‘ನಾವು’ ಮರಳಿ ಬಂದಿದ್ದರು, ನೋಡಿ! ಆಮೇಲೆ, ಇಡೀ ಕಾರ್ಯಾಚರಣ ವ್ಯವಸ್ಥೆಯನ್ನೇ ಅಳಿಸಿ ಹೊಸದಾಗಿ ಹಾಕಿಕೊಳ್ಳಲು ಹೇಳಿತು. ಉಗುರುಸುತ್ತಿಗೆ ಕೈ ಕತ್ತರಿಸುವ ವೈದ್ಯ.

ಇಷ್ಟರವರೆಗೆ ನಕ್ಕೆ. ಆದರೆ ನನಗೆ ನಿಜವಾಗಿ ಸಿಟ್ಟು ಬರುವುದು ಈ ಚೌಕದ ಮುಂದೆ ಬೇರೆಯವರು ಕೂತದ್ದನ್ನು ಕಂಡಾಗ. ಕೊನೆಯ ದಿನಾಂಕದ ಅರ್ಜಿ ತುಂಬಬೇಕಾದವರು, ದೂರದ ಮಕ್ಕಳ ಮುಖ ನೋಡಬೇಕಾದವರು, ಎರಡು ಬೆರಳಲ್ಲಿ ಟೈಪಿಸುವ ವಯಸ್ಸಾದವರು. ಅವರು ಆ ಸಂಖ್ಯೆಯನ್ನು ಹಾಳೆಯ ಮೇಲೆ ಗುಂಡಗೆ ಬರೆದಿಟ್ಟುಕೊಂಡು ನಮ್ಮ ದಾರಿ ಕಾಯುತ್ತಾರೆ. ಹೋದ ಕೂಡಲೇ ಮೊದಲು ಹೇಳುವುದು, ‘ನಾನೇ ಏನೋ ಒತ್ತಿಬಿಟ್ಟೆ ಅಂತ ಕಾಣುತ್ತದೆ, ನನಗೆ ಇದೆಲ್ಲ ಬರುವುದಿಲ್ಲ.’ ಇಲ್ಲ. ನೀವು ಏನೂ ಒತ್ತಿಲ್ಲ. ‘ಮುಂದೆ’ ಎಂದಲ್ಲಿ ‘ಮುಂದೆ’ ಒತ್ತಿದಿರಿ. ತಪ್ಪು ಮಾಡಿದವರು ತಮ್ಮ ವಾಕ್ಯದಿಂದ ಕರ್ತೃವನ್ನು ಕಿತ್ತುಹಾಕಿದ್ದರಿಂದ ಖಾಲಿ ಜಾಗದಲ್ಲಿ ನೀವು ಹೋಗಿ ನಿಂತಿದ್ದೀರಿ, ಅಷ್ಟೇ. ಈ ಮಾತನ್ನು ಎಷ್ಟು ಜನರಿಗೆ ಎಷ್ಟು ಸಲ ಹೇಳಿದ್ದೇನೋ. ಯಾರೂ ನಂಬಿಲ್ಲ.

ಯಂತ್ರಕ್ಕೆ ಕಾರಣ ಗೊತ್ತಿಲ್ಲವೆಂದು ತಿಳಿಯಬೇಡಿ. ಗೊತ್ತಿರುತ್ತದೆ, ಬರೆದೂ ಇಟ್ಟಿರುತ್ತದೆ. ತಾತ್ಕಾಲಿಕ ಕಡತಗಳ ಕೋಶದೊಳಗೆ, ಲಾಗ್ ಎಂಬ ಕಡತದಲ್ಲಿ, ಸಾವಿರಾರು ಸಾಲುಗಳ ನಡುವೆ. ಅನುಭವಿಗಳು ಅದರಲ್ಲಿ ‘ರಿಟರ್ನ್ ವ್ಯಾಲ್ಯೂ 3’, ಅಂದರೆ ಕೆಲಸ ಇಲ್ಲಿ ಕೆಟ್ಟಿತು ಎಂಬ ಗುರುತನ್ನು ಹುಡುಕಿ ಅದರ ಮೇಲಿನ ನಾಲ್ಕಾರು ಸಾಲು ಓದುತ್ತಾರೆ. ನಾನೂ ಓದಿದೆ. ಅಲ್ಲಿತ್ತು ಕಾರಣ. ಬಳಕೆದಾರನ ಕೋಶದ ವಿಳಾಸ, ಅದರಲ್ಲಿ ನನ್ನ ಹೆಸರಿರಬೇಕಾದ ಜಾಗದಲ್ಲಿ ಐದು ಪ್ರಶ್ನಾರ್ಥಕ ಚಿಹ್ನೆ.

ನನ್ನ ಹೆಸರು ಮೂರಕ್ಷರದ್ದು. ಖಾತೆ ತೆರೆಯುವಾಗ ಅದನ್ನು ಕನ್ನಡದಲ್ಲಿ ಬರೆದಿದ್ದೆ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಸಂಖ್ಯೆ ಹಂಚುವ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದೆ, ಇನ್ನೇನು ಭಯ ಎಂಬ ಧೈರ್ಯ. ಕಂಪ್ಯೂಟರ್ ತಕರಾರಿಲ್ಲದೆ ಒಪ್ಪಿಕೊಂಡಿತ್ತು. ಆದರೆ ಈ ತಂತ್ರಾಂಶ ಬರೆದವರಿಗೆ ರೋಮನ್ ಲಿಪಿಯಾಚೆಗೂ ಜನರಿಗೆ ಹೆಸರಿರುತ್ತದೆ ಎಂಬ ಸುದ್ದಿ ಮುಟ್ಟಿರಲಿಲ್ಲ. ಕೊಂಬು, ದೀರ್ಘ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು, ಒಂದನ್ನೂ ಬಿಡದೆ, ಐದಕ್ಕೆ ಐದು ಪ್ರಶ್ನಾರ್ಥಕ ಹಾಕಿತ್ತು. ಕೋಶದ ಹೆಸರಿನಲ್ಲಿ ಆ ಚಿಹ್ನೆಗೆ ಪ್ರವೇಶವೇ ಇಲ್ಲ. ಹಾಗಾಗಿ ದೋಷ ಸಂಭವಿಸಿದೆ.

ಖಾತೆಯ ಹೆಸರು ಬದಲಿಸಿದರೂ ಕೋಶದ ಹೆಸರು ಬದಲಾಗುವುದಿಲ್ಲ. ಕೊನೆಗೆ ರೋಮನ್ ಅಕ್ಷರಗಳಲ್ಲಿ ‘ಟೆಸ್ಟ್ 2’ ಎಂಬ ಹೊಸ ಖಾತೆ ತೆರೆದೆ. ಶೇ 97 ಯಾವಾಗ ದಾಟಿತೋ ತಿಳಿಯಲೇ ಇಲ್ಲ. ಈಗ ದಿನಾ ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಅದು ಬಹಳ ಪ್ರೀತಿಯಿಂದ ‘ಸ್ವಾಗತ, ಟೆಸ್ಟ್ 2’ ಎನ್ನುತ್ತದೆ. ನಾನೂ ಸರಿ ಎನ್ನುತ್ತೇನೆ.