ಸಹಿ ಹಾಕಿದ ಮೇಲೂ ಹೊರಬರಬಹುದು: ಒಂದು ಸ್ಪಷ್ಟನೆ

‘ಸಂಶೋಧನೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ಮುಗಿಯಿತು, ನಡುವೆ ಬಿಡುವಂತಿಲ್ಲ; ಆಮೇಲೆ ಏನಾದರೂ ಆದರೆ ವಿಶ್ವವಿದ್ಯಾಲಯದ ಸಂಶೋಧಕರು ಹೊಣೆಯಲ್ಲ’ ಎಂಬ ಸಂದೇಶ ಹರಿದಾಡುತ್ತಿದೆ. ಎರಡೂ ಮಾತು ತಪ್ಪು.

ಒಪ್ಪಿಗೆ ಪತ್ರವೇನು ಸಾಲಪತ್ರವಲ್ಲ. ವೈದ್ಯಕೀಯ ಸಂಶೋಧನೆಗೆಂದು ವಿಶ್ವ ವೈದ್ಯಕೀಯ ಸಂಘ 1964ರಲ್ಲಿ ಹೊರಡಿಸಿದ ನೀತಿಸೂತ್ರ, ಹೆಲ್ಸಿಂಕಿ ಘೋಷಣೆಯೇ, ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು ಎಂದಿದೆ. ಒಪ್ಪಿಗೆ ಸಿಕ್ಕ ಮೇಲೂ ಹೊಣೆ ಸಂಶೋಧಕರದೇ, ಪಾಲ್ಗೊಂಡವರ ಹೆಗಲಿಗೆ ಅದು ದಾಟುವುದಿಲ್ಲ ಎಂಬುದೂ ಅದರಲ್ಲೇ ಇದೆ.

ಇಷ್ಟು ಬಿಗಿ ಯಾಕೆ? ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಎಂಬ ಲೈಂಗಿಕ ರೋಗದ ಅಧ್ಯಯನವೊಂದು ನಡೆಯಿತು. ರೋಗವಿದ್ದ 399 ಕಪ್ಪು ಜನಾಂಗದ ಗಂಡಸರಿಗೆ ‘ನಿಮ್ಮ ರಕ್ತ ಕೆಟ್ಟಿದೆ’ ಎಂದಷ್ಟೇ ಹೇಳಲಾಗಿತ್ತು. ಅದನ್ನು ಗುಣಪಡಿಸುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ನಲವತ್ತು ವರ್ಷ! ಅದು ಬಯಲಾದ ಬಳಿಕ, 1974ರಲ್ಲಿ ಅಲ್ಲಿ ಸಂಶೋಧನೆಗಳ ನೈತಿಕ ಪರಿಶೀಲನೆಗೆ ಕಾನೂನೇ ಬಂತು.

ಸಂದೇಶದಲ್ಲಿ ಒಂದು ಎಳೆ ನಿಜವಿದೆ, ಗೊಂದಲ ಹುಟ್ಟಿದ್ದು ಬಹುಶಃ ಅಲ್ಲೇ. ಹೆಸರು, ಗುರುತು ಪೂರ್ತಿ ಅಳಿಸಿ ನೂರಾರು ಉತ್ತರಗಳ ಜೊತೆ ಬೆರೆಸಿಬಿಟ್ಟರೆ, ನಿಮ್ಮ ಉತ್ತರ ಯಾವುದೆಂದು ಹೆಕ್ಕಿ ತೆಗೆಯಲು ಸಂಶೋಧಕರಿಗೂ ಆಗದು. ಉತ್ತರವನ್ನು ಹಿಂಪಡೆಯಲು ಗಡುವು ಯಾವಾಗ ಎಂಬುದನ್ನು ಸಹಿಗೆ ಮುಂಚೆಯೇ ತಿಳಿಸುವುದು ಅವರ ಕರ್ತವ್ಯ. ತಿಳಿಸದಿದ್ದರೆ ಕೇಳಿ, ಉತ್ತರ ತಡವರಿಸಿದರೆ ಪೆನ್ನು ಕೆಳಗಿಡಿ.