ಬದಲಿಸುವ ಮೊದಲು ಅಳೆದು ನೋಡಿ

ಮೂರು ವರ್ಷವಾದರೆ ಕಾರಿನ ಬ್ಯಾಟರಿಯನ್ನು ಬದಲಿಸಿಯೇ ಬಿಡಬೇಕು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಕಳೆದ ಬೇಸಿಗೆಯಲ್ಲಿ ಕಲಬುರಗಿಯಲ್ಲಿ ನಮ್ಮ ಕಾರು ಬೆಳಿಗ್ಗೆ ಟಕ್ ಟಕ್ ಎಂದು ಸದ್ದು ಮಾಡಿತೇ ಹೊರತು ಚಾಲೂ ಆಗಲಿಲ್ಲ. ಗ್ಯಾರೇಜಿನವರು ಮುಟ್ಟಿಯೂ ನೋಡದೆ ಹೊಸ ಬ್ಯಾಟರಿ ಹಾಕಿಸಿ ಎಂದರು. ನಮ್ಮ ಭಾವ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದರೆ 12.5 ವೋಲ್ಟ್ ಇತ್ತು, ಅಂದರೆ ಬ್ಯಾಟರಿಯಲ್ಲಿ ಚಾರ್ಜ್ ಚೆನ್ನಾಗಿಯೇ ಇತ್ತು! ತಂತಿ ಜೋಡಿಸುವ ಟರ್ಮಿನಲ್‌ಗಳ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿಕೊಂಡಿತ್ತು, ತಂತಿಯನ್ನು ಹಿಡಿದಿಡುವ ಕ್ಲ್ಯಾಂಪ್ ಸಡಿಲವಾಗಿತ್ತು. ಅಡುಗೆ ಸೋಡಾ ಕಲಸಿದ ನೀರಿನಿಂದ ಉಜ್ಜಿ, ಒಣಗಿಸಿ, ಬಿಗಿ ಮಾಡಿದೆವು. ಆ ಬ್ಯಾಟರಿ ಇಂದಿಗೂ ಚೆನ್ನಾಗಿದೆ.

ಎಂಜಿನ್ ನಿಲ್ಲಿಸಿ ಕೆಲವು ಗಂಟೆಗಳ ನಂತರ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಆಗಿದೆ ಎಂದರ್ಥ. ಎಂಜಿನ್ ಓಡುವಾಗ ಸುಮಾರು 14 ವೋಲ್ಟಿಗೆ ಏರದಿದ್ದರೆ, ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಪರೀಕ್ಷಿಸಿ. ಅದು ಕೆಟ್ಟಿದ್ದರೆ ಹೊಸ ಬ್ಯಾಟರಿಯೂ ಇಳಿದುಹೋಗುತ್ತದೆ. ಆಮೇಲೂ ಅನುಮಾನವಿದ್ದರೆ ಲೋಡ್ ಪರೀಕ್ಷೆ, ಅಂದರೆ ಹೊರೆ ಬಿದ್ದಾಗ ಬ್ಯಾಟರಿ ತಡೆಯುತ್ತದೆಯೇ ಎಂಬ ಪರೀಕ್ಷೆ, ಮಾಡಿಸಿ.

ಒಂದು ಮುಖ್ಯ ಮಾತು ನಿಮ್ಮ ಲೇಖನದಲ್ಲಿ ಬಿಟ್ಟುಹೋಗಿದೆ, ದಯವಿಟ್ಟು ಸೇರಿಸಿ: ಬಿಚ್ಚುವಾಗ ನೆಗೆಟಿವ್ ತಂತಿಯನ್ನು ಮೊದಲು ತೆಗೆಯಬೇಕು, ಜೋಡಿಸುವಾಗ ಅದನ್ನೇ ಕೊನೆಗೆ ಹಾಕಬೇಕು. ಇಲ್ಲವಾದರೆ ಸ್ಪ್ಯಾನರ್ ಕಾರಿನ ಲೋಹಕ್ಕೆ ತಾಗಿ ಕಿಡಿ ಹಾರಬಹುದು. ಹಳೆಯ ಬ್ಯಾಟರಿಯಲ್ಲಿ ಸೀಸವೂ ಆಮ್ಲವೂ ಇರುತ್ತವೆ, ಅದನ್ನು ಹೊಸದನ್ನು ಕೊಂಡ ಅಂಗಡಿಗೇ ಹಿಂದಿರುಗಿಸಿ.