ಪಾದದ ನಾಡಿ ಯಾರಾದರೂ ನೋಡಿದ್ದಾರೇನು?

ಶನಿವಾರ ನುಗ್ಗಿಕೇರಿ ಹನುಮಪ್ಪನ ಗುಡಿಗೆ ನಡೆದೇ ಹೋಗುವುದು ನಮ್ಮ ಮನೆಯ ಹಳೆಯ ರೂಢಿ. ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಆ ದಾರಿಯಲ್ಲಿ ನನ್ನ ಎಡಗಾಲಿನ ಮೀನಖಂಡ ಹಿಡಿದುಕೊಳ್ಳಲು ಶುರುವಾಯಿತು. ಸರಿಸುಮಾರು 400 ಹೆಜ್ಜೆಗೆ ಒಳಗಿಂದ ಹಿಂಡಿದಂಥ ನೋವು. ಎರಡು ನಿಮಿಷ ನಿಂತರೆ ಮಾಯ. ಮತ್ತೆ ಅಷ್ಟೇ ದೂರ, ಮತ್ತೆ ಅದೇ ನೋವು.

“ಯಾಕ್ರೀ, ಮತ್ತ ನಿಂತ್ರಿ?” ಅಂತ ಇವಳು ಕೇಳುವಳು. “ನೀ ಮುಂದ ನಡಿ, ಬಂದೆ” ಅಂದು ಮೊಬೈಲ್ ತೆಗೆದು ನೋಡುತ್ತ ನಿಲ್ಲುತ್ತಿದ್ದೆ. ಆರು ತಿಂಗಳು ಹೀಗೇ ಕಳೆದವು.

ಅಕ್ಕ “ವಾಯು ಐತಿ ತಮ್ಮಾ, ಎಳ್ಳೆಣ್ಣಿ ಕಾಸಿ ತಿಕ್ಕೊ” ಅಂದಳು. ಗೆಳೆಯರು ದಿನಾ ಬಾಳೆಹಣ್ಣು ತಿನ್ನು ಅಂದರು. ಒಂದು ದವಾಖಾನೆಯಲ್ಲಿ ಕ್ಯಾಲ್ಸಿಯಂ ಗುಳಿಗೆ ಬರೆದುಕೊಟ್ಟು, “ವಯಸ್ಸಾತಲ್ರೀ” ಅಂದು ಕಳಿಸಿದರು. ನನಗೆ ಒಂಬತ್ತು ವರ್ಷದಿಂದ ಶುಗರ್ ಇದೆ, 22 ವರ್ಷ ಸಿಗರೇಟು ಸೇದಿದ್ದೇನೆ. ಆದರೂ ನನ್ನ ಕಾಲುಚೀಲ ಯಾರೂ ತೆಗೆಸಲಿಲ್ಲ. ಆ ಸಂಕಟವೇ ಇದನ್ನು ಬರೆಸುತ್ತಿದೆ.

ಕೊನೆಗೆ ತೋರಿಸಿದ ಡಾಕ್ಟರು ಮೊದಲು ಕೇಳಿದ್ದೇ, “ನಿಂತ್ರ ಹೋಗ್ತದೋ, ಕುಂತ್ರ ಹೋಗ್ತದೋ?” ಅಂತ. ಈ ಒಂದು ಪ್ರಶ್ನೆಗೆ ಎಷ್ಟು ತೂಕವಿದೆ ಅಂತ ಆಮೇಲೆ ತಿಳಿಯಿತು. ಬೆನ್ನುಹುರಿಯ ದಾರಿ ಇಕ್ಕಟ್ಟಾಗಿ ಬರುವ ಕಾಲುನೋವಾದರೆ ಬರೇ ನಿಂತರೆ ಹೋಗುವುದಿಲ್ಲ. ಕೂರಬೇಕು, ಇಲ್ಲವೇ ಮುಂದಕ್ಕೆ ಬಾಗಬೇಕು. ಅಂಥವರು ಸೈಕಲ್ ಆರಾಮಾಗಿ ಹೊಡೆಯುತ್ತಾರೆ. ನಿಂತಲ್ಲೇ ಬಿಡುವ ನೋವು ರಕ್ತನಾಳದ್ದು. ಒಳಗೆ ಕೊಬ್ಬು ಕಟ್ಟಿ ನಾಳ ಸಣ್ಣದಾಗಿರುತ್ತದೆ. ಕುಂತಾಗ ಹರಿಯುವ ರಕ್ತ ಸಾಕಾಗುತ್ತದೆ, ನಡೆಯುವಾಗ ಮಾಂಸಖಂಡ ಕೇಳುವಷ್ಟು ಸಿಗುವುದಿಲ್ಲ. ಇದೇ ಕೊಬ್ಬು ಹೃದಯದ, ಮಿದುಳಿನ ನಾಳಗಳಲ್ಲೂ ಕಟ್ಟಿರಬಹುದು. ಹಾಗಾಗಿ ಇದು ಬರೀ ಕಾಲಿನ ಮಾತಲ್ಲ.

ಅವರು ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಿದರು, ಆಮೇಲೆ ಒಳಹರಡಿನ, ಅಂದರೆ ಪಾದದ ಒಳಬದಿಯ ಗಂಟಿನ ಹಿಂದೆ. ಎಡಗಾಲಿನಲ್ಲಿ ಸಿಗಲೇ ಇಲ್ಲ. ರಟ್ಟೆಗೆ ಕಟ್ಟುವ ಬಿಪಿ ಪಟ್ಟಿಯನ್ನೇ ಹರಡಿನ ಮೇಲೆ ಕಟ್ಟಿ ಕೈ, ಕಾಲು ಎರಡೂ ಕಡೆಯ ಒತ್ತಡ ಅಳೆದರು. ಕಾಲಿನದ್ದನ್ನು ಕೈಯದ್ದರಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ ಅಂತ ಲೆಕ್ಕ. ನನ್ನದು 0.7. ಸೂಜಿಯಿಲ್ಲ, ನೋವಿಲ್ಲ.

ಜರ್ಮನ್ ಭಾಷೆಯಲ್ಲಿ ಈ ನೋವಿಗೆ ‘ಅಂಗಡಿಗಾಜಿನ ಕಾಯಿಲೆ’ ಎಂಬರ್ಥದ ಹೆಸರಿದೆಯಂತೆ. ನೋವು ಬಂದವರು ಅಂಗಡಿಯ ಗಾಜಿನೊಳಗಿನ ಸಾಮಾನು ನೋಡುವವರ ಹಾಗೆ ನಿಲ್ಲುತ್ತಾರಲ್ಲ, ಅದಕ್ಕೆ. ಸುಭಾಸ ರಸ್ತೆಯಲ್ಲಿ ಸೀರೆ ಅಂಗಡಿ ಮುಂದೆ ವಯಸ್ಸಾದವರು ಸುಮ್ಮನೆ ನಿಂತದ್ದು ಕಂಡರೆ ಈಗ ನನ್ನ ಕಣ್ಣು ಅವರ ಕಾಲಿನತ್ತ ಹೋಗುತ್ತದೆ.

ಔಷಧ ಏನು ಗೊತ್ತೇನು? ನಡೆಯುವುದೇ. ನೋವೆಂದು ಕುಂತುಬಿಟ್ಟರೆ ನಡೆಯುವ ದೂರ ಕುಗ್ಗುತ್ತ ಹೋಗುತ್ತದೆ. ನೋವು ಮಧ್ಯಮಕ್ಕೆ ಬರುವ ತನಕ ನಡೆ, ನಿಲ್ಲು, ಪೂರ್ತಿ ಬಿಟ್ಟ ಮೇಲೆ ಮತ್ತೆ ನಡೆ. ಹೀಗೆ 30ರಿಂದ 45 ನಿಮಿಷ, ವಾರಕ್ಕೆ ಮೂರು ದಿನವಾದರೂ, ಕಡಿಮೆಯೆಂದರೆ 12 ವಾರ. ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು. ಪಾದದಲ್ಲಿ ಹುಣ್ಣಿದ್ದವರಂತೂ ಕೇಳದೆ ಇಳಿಯಬಾರದು. ನಾನು ಕೆಲಗೇರಿ ಕೆರೆಯ ಕಡೆ ಹೋಗುತ್ತೇನೆ. ಕೊಲೆಸ್ಟರಾಲ್ ಗುಳಿಗೆ, ರಕ್ತ ಹೆಪ್ಪುಗಟ್ಟದಂತೆ ಒಂದು ಗುಳಿಗೆ ನಡೆದಿವೆ. ಸಿಗರೇಟು ಬಿಟ್ಟಿದ್ದೇನೆ. ಬೀಡಿ ಸೇದುವ ಹುಡುಗರಿಗೆ ಕೈಮುಗಿದು ಹೇಳುತ್ತೇನೆ, ತಂಬಾಕಿನಿಂದ ನಲವತ್ತರೊಳಗೇ ಕಾಲ್ಬೆರಳು ಕಪ್ಪಾಗಿ ಕತ್ತರಿಸಿ ತೆಗೆಯಬೇಕಾಗುವ ಬ್ಯಾನಿಯೂ ಇದೆ.

ರಾತ್ರಿ ನಿದ್ದೆಯಲ್ಲಿ ಮೀನಖಂಡ ಗಂಟುಕಟ್ಟಿ ಚೀರಿಸುವ ಸೆಡೆತ ಬೇರೆ. ಮೊಣಕಾಲು ನೆಟ್ಟಗಿಟ್ಟು ಕಾಲ್ಬೆರಳನ್ನು ನಮ್ಮ ಕಡೆ ಎಳೆದುಕೊಂಡರೆ, ಇಲ್ಲವೇ ಹಿಮ್ಮಡ ನೆಲಕ್ಕೂರಿ ನಿಂತರೆ ಬಿಡುತ್ತದೆ. ಕೊಲೆಸ್ಟರಾಲ್ ಗುಳಿಗೆಯಿಂದಲೂ ಕೆಲವರಿಗೆ ತೊಡೆ, ಮೀನಖಂಡ ಎರಡೂ ಕಡೆ ನೋಯುವುದುಂಟು. ತಾವೇ ಬಿಡಬೇಡಿ, ಡಾಕ್ಟರಿಗೆ ಹೇಳಿ.

ಒಂದೇ ಮೀನಖಂಡ ಬಾತು ಬಿಸಿಯಾಗಿದ್ದರೆ ಮಾತ್ರ ಎಣ್ಣೆ ಹಚ್ಚಿ ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಕಾಲು ಒಮ್ಮೆಲೇ ತಣ್ಣಗಾಗಿ ಬಿಳಿಚಿಕೊಂಡರೆ, ಮಲಗಿದಾಗಲೂ ಪಾದ ನೋಯುತ್ತಿದ್ದರೆ, ಬೆರಳಿನ ಗಾಯ ಮಾಯದಿದ್ದರೆ ನಾಳೆ ಅನ್ನದೆ ಹೋಗಿ.

ಶುಗರ್ ಇದ್ದವರು, ತಂಬಾಕಿನವರು ಮುಂದಿನ ಸಲ ಬಿಪಿ ತೋರಿಸುವಾಗ ಚಪ್ಪಲಿ ಬಿಟ್ಟು ಕಾಲು ಮುಂದೆ ಮಾಡಿ, “ಇದರ ನಾಡೀನೂ ಸ್ವಲ್ಪ ನೋಡ್ರಿ ಸಾಹೇಬ್ರ” ಅನ್ನಿ. ಎರಡು ನಿಮಿಷದ ಕೆಲಸ. ಕೇಳುವುದು ನಮ್ಮ ಹಕ್ಕು.

ನನ್ನ 400 ಹೆಜ್ಜೆ ಈಗ 1,100 ಆಗಿದೆ. ಮೊನ್ನೆ ಶನಿವಾರವೂ ನುಗ್ಗಿಕೇರಿ ದಾರಿಯಲ್ಲಿ ನಿಂತೆ. ಇವಳು ಏನೂ ಕೇಳಲಿಲ್ಲ, ಪಕ್ಕದಲ್ಲೇ ನಿಂತಳು. ಮೊಬೈಲ್ ಕಿಸೆಯಲ್ಲೇ ಇತ್ತು.